ನೀಲಕಂಠದ ಲೆಕ್ಕ ಇಟ್ಟವರು

ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಹೊಲದಂಚಿನ ತಂತಿಯ ಮೇಲೆ ಮಂಕಾಗಿ ಕೂತಿದ್ದು, ಹಾರಿದಾಗ ರೆಕ್ಕೆಯ ನೀಲಿ ಬಿಚ್ಚಿ ತೋರಿಸುವ ಹಕ್ಕಿ. ಬಯಲುಸೀಮೆಯವರಿಗೆ ಎಷ್ಟು ಪರಿಚಿತವೆಂದರೆ ಅದರ ಬಗ್ಗೆ ಚಿಂತೆ ಮಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಅದರ ಸಂಖ್ಯೆ ಸುಮಾರು ಶೇ 30ರಷ್ಟು ಇಳಿದಿದೆ ಎಂದು 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳಿದಾಗಲೇ ಹಲವರು ಹುಬ್ಬೇರಿಸಿದ್ದು.

ಈ ವರದಿಗೆ ಮಾಹಿತಿ ಒದಗಿಸಿದವರು ದೇಶದ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು. ಬಹುಪಾಲು ಹವ್ಯಾಸಿಗಳೇ. ಅವರು ‘ಇಬರ್ಡ್’ ಜಾಲತಾಣದಲ್ಲಿ ದಾಖಲಿಸಿದ ಪಟ್ಟಿಗಳ ಆಧಾರದಲ್ಲಿ 942 ಪ್ರಭೇದಗಳ ಸ್ಥಿತಿಗತಿ ಪರಿಶೀಲಿಸಿ, 178 ಪ್ರಭೇದಗಳಿಗೆ ಆದ್ಯತೆಯ ರಕ್ಷಣೆ ಬೇಕೆಂದು ಗುರುತಿಸಲಾಯಿತು.

ಪಟ್ಟಿ ಮಾಡುವುದು ಕಷ್ಟವೇನಲ್ಲ. ಹೊರಟ ಹೊತ್ತು, ಜಾಗ, ನಡೆದ ದೂರ, ಕಂಡ ಮತ್ತು ದನಿ ಕೇಳಿದ ಹಕ್ಕಿಗಳ ಹೆಸರು, ಎಷ್ಟೆಷ್ಟು ಎಂಬ ಎಣಿಕೆ. ಗುರುತಿಸಿದ ಒಂದನ್ನೂ ಬಿಡಬಾರದು ಎಂಬುದೊಂದೇ ಕಟ್ಟುನಿಟ್ಟು. ಕಾಗೆ, ಗೊರವಂಕ, ಪಾರಿವಾಳವನ್ನು ‘ಇವೇನು ಮಹಾ’ ಎಂದು ಬಿಟ್ಟರೆ ಪಟ್ಟಿ ಅರ್ಧ ಕೆಟ್ಟಂತೆಯೇ. ಪೂರ್ತಿ ಬರೆದ ಪಟ್ಟಿಯಲ್ಲಿ ನೀಲಕಂಠದ ಹೆಸರಿಲ್ಲವೆಂದರೆ ಆ ಹೊತ್ತಿಗೆ ಅದು ಅಲ್ಲಿ ಕಾಣಲಿಲ್ಲ ಎಂದರ್ಥ; ಕಾಣದ್ದೂ ಹೀಗೆ ದಾಖಲೆಯಾಗುತ್ತದೆ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ, ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂದು ನೋಡಿಯೇ ಏರಿಳಿತವನ್ನು ಅಂದಾಜು ಮಾಡುವುದು. ಮಿಂಚುಳ್ಳಿ ಮೀನು ಕಚ್ಚಿದ ಇನ್ನೊಂದು ಫೋಟೊಗಿಂತ ಊರ ಕೆರೆಯ ಒಂದು ಪೂರ್ತಿ ಪಟ್ಟಿಯೇ ಮೇಲು ಎಂದು ನಾನಂತೂ ವಾದಿಸುತ್ತೇನೆ. ಕ್ಯಾಮೆರಾ ಗೆಳೆಯರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಇದರಲ್ಲೂ ಒಂದು ಕೊರತೆಯಿದೆ. ನಾವೆಲ್ಲ ಹೋಗುವುದು ಹಕ್ಕಿ ಹೆಚ್ಚಿರುವ ಕಡೆಗೇ. ರಂಗನತಿಟ್ಟಿಗೆ ಪಟ್ಟಿಗಳ ಬರವಿಲ್ಲ, ರಾಗಿ ಹೊಲಕ್ಕೆ ಹೋಗುವವರಿಲ್ಲ. ಕೇರಳದವರು ಇದಕ್ಕೊಂದು ದಾರಿ ಕಂಡುಕೊಂಡರು. ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ ರಬ್ಬರ್ ತೋಟವಿರಲಿ ಪೇಟೆಯಿರಲಿ, ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಹೋಗಿ ಎಣಿಸಿದರು. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಮಂದಿ ದುಡಿದು ಕೇರಳದ ಪಕ್ಷಿ ನಕಾಶೆ ಸಿದ್ಧಪಡಿಸಿದರು. ಮೈಸೂರಿನ ಹವ್ಯಾಸಿಗಳೂ 2014ರಿಂದ 2016ರ ನಡುವೆ ತಮ್ಮ ನಗರಕ್ಕೆ ಇಂಥದ್ದೇ ನಕಾಶೆ ಮಾಡಿಕೊಂಡಿದ್ದಾರೆ.

ಕೆರೆಗಳ ವಿಷಯದಲ್ಲಿ ಎಣಿಕೆಗೆ ಇನ್ನೊಂದು ತೂಕವಿದೆ. 1987ರಲ್ಲಿ ಶುರುವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿ ನಡೆಯುತ್ತದೆ. ದಡದಲ್ಲಿ ಟೆಲಿಸ್ಕೋಪ್ ಹೂಡಿ, ಗುಂಪು ದೊಡ್ಡದಿದ್ದರೆ ಮೊದಲು ಹತ್ತನ್ನು ಎಣಿಸಿ, ಅಂಥ ಹತ್ತುಗಳು ಎಷ್ಟಿವೆ ಎಂದು ಅಳೆಯುತ್ತಾರೆ. ಒಂದು ಜಲಪ್ರದೇಶಕ್ಕೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ ಸಿಗುವ ಮಾನದಂಡಗಳಲ್ಲಿ ಎರಡು ಇಂಥ ಎಣಿಕೆಯನ್ನೇ ಕೇಳುತ್ತವೆ: ಅಲ್ಲಿ 20,000 ನೀರುಹಕ್ಕಿಗಳು ನಿಯಮಿತವಾಗಿ ನೆಲೆಸಬೇಕು, ಇಲ್ಲವೇ ಒಂದು ಪ್ರಭೇದದ ಒಟ್ಟು ಸಮೂಹದ ಶೇ 1ರಷ್ಟಾದರೂ ಇರಬೇಕು. ನಿಯಮಿತವಾಗಿ ಎಂದು ತೋರಿಸಲು ಒಂದು ವರ್ಷದ ಉತ್ಸಾಹ ಸಾಲದು. ಕರ್ನಾಟಕದಲ್ಲಿ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ರಾಮ್ಸಾರ್ ಯಾದಿ ಸೇರಿವೆ.

ಎಣಿಕೆಯಿಂದಾಚೆಗೆ ಹೋದವರೂ ಇದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜತೆ ಊರಿನವರು ಕೈಜೋಡಿಸಿ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಇವರ ಕೆಲಸ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಹೊಸಬರಿಗೆ ಒಂದು ಎಚ್ಚರಿಕೆ. ಎರೆಭೂತದಂಥ ಅಳಿವಿನಂಚಿನ ಹಕ್ಕಿ ಕಂಡ ಜಾಗವನ್ನು ಇಬರ್ಡ್ ಸಾರ್ವಜನಿಕರಿಗೆ ತೋರಿಸುವುದಿಲ್ಲ. ನೋಡಿದವರೇ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಹಂಚಿದರೆ ಆ ಜಾಗ್ರತೆ ನೀರಿನಲ್ಲಿ ಮಾಡಿದ ಹೋಮ. ಗೂಡಿನ ಫೋಟೊಗಳಿಗೂ ಇದೇ ಮಾತು. ಶುರು ಮಾಡುವವರಿಗೆ ಫೆಬ್ರುವರಿಯ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಅನುಕೂಲ. ನಾಲ್ಕು ದಿನ ನಡೆಯುತ್ತದೆ. ತಾರಸಿಯ ಮೇಲೆ ನಿಂತು ಹದಿನೈದು ನಿಮಿಷ ಎಣಿಸಿದರೂ ಪಟ್ಟಿ ಸ್ವೀಕಾರವಾಗುತ್ತದೆ.