ಅನುಸ್ಥಾಪನೆಯ ಹೊಸ್ತಿಲಿಗೆ ಬಂದ ಕನ್ನಡ

ಕದರಮಂಡಲಗಿಯೆಂದೊಡನೆ ಕಾಂತೇಶನ ಗುಡಿಯೂ ಬ್ಯಾಡಗಿಯೆಂದೊಡನೆ ಮೆಣಸಿನಕಾಯಿಯೂ ನೆನಪಿಗೆ ಬರುವುದು ಸಹಜ. ಆದರೆ ನೆರೆಹೊರೆಯ ಈ ಎರಡು ಊರುಗಳ ಹೆಸರನ್ನು ಗಣಕಯಂತ್ರದ ಬರಿಯ ಕಪ್ಪು ಪರದೆಯ ಮೇಲೆ ಮೂಡಿಸಹೊರಟವನಿಗೆ ಅವುಗಳಲ್ಲಿ ಮತ್ತೊಂದು ಭೇದವೂ ಗೋಚರಿಸುತ್ತದೆ. ಕದರಮಂಡಲಗಿಯಲ್ಲಿ ಒಂದೂ ಒತ್ತಕ್ಷರವಿಲ್ಲ. ಚೌಕಕ್ಕೊಂದರಂತೆ ಅಕ್ಷರಗಳನ್ನು ಕೂರಿಸುತ್ತ ಹೋದರೆ, ಅಗಲವಾದ ಮಕಾರ ತುಸು ಇಕ್ಕಟ್ಟಿಗೆ ಸಿಕ್ಕಿದರೂ, ಹೇಗೋ ಓದಿಸಿಕೊಂಡೀತು. ಬ್ಯಾಡಗಿಯಾದರೋ ಮೊದಲ ಹೆಜ್ಜೆಯಲ್ಲಿಯೇ ತಡೆಯುತ್ತದೆ: ಯಂತ್ರದ ಸ್ಮೃತಿಯಲ್ಲಿ ಬಕಾರ, ಯಕಾರ, ಕಡೆಗೆ ದೀರ್ಘ ಎಂಬ ಕ್ರಮದಲ್ಲಿರುವುದು ಕಣ್ಣಿಗೆ ಕಾಣುವಾಗ ದೀರ್ಘವು ಬಕಾರದ ತಲೆಗೇರಿ, ಯಕಾರವು ಒತ್ತಾಗಿ ಅದರ ಹಿಂದೆ ಸರಿಯಬೇಕು. ರಾಣೇಬೆನ್ನೂರಿನ ನಕಾರ ಇನ್ನೊಂದು ನಕಾರದ ಅಡಿಗೆ ಇಳಿಯಬೇಕು.

ಸ್ವತಂತ್ರ ತಂತ್ರಾಂಶದ ಕಾರ್ಯಾಚರಣಾ ವ್ಯವಸ್ಥೆಗಳು ಕನ್ನಡದಲ್ಲಿ ಮಾತನಾಡಲು ತೊಡಗಿದ ಕಥೆಯಲ್ಲಿ ತಡವಾಗಿ ತೆರೆದ ಬಾಗಿಲು ಅನುಸ್ಥಾಪನೆಯದು, ಅಂದರೆ ಇನ್‌ಸ್ಟಾಲರಿನದು. ಅದಕ್ಕೆ ಕಾರಣ ಈ ಒತ್ತಕ್ಷರಗಳೇ ಹೊರತು ಯಾರ ಅನಾದರವೂ ಅಲ್ಲವೆಂಬುದು ನನ್ನ ಅಭಿಪ್ರಾಯ. ಲಿನಸ್ ಟೋರ್ವಾಲ್ಡ್ಸ್ ತನ್ನ ಕರ್ನಲ್ಲನ್ನು, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು, ಲೋಕಕ್ಕೆ ತಿಳಿಸಿದ 1991ರಲ್ಲಿಯೇ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಅಂತಹ ಸ್ವತಂತ್ರ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಯೋಜನೆಯನ್ನು ಆರಂಭಿಸಿದ. ಸಿ.ಡಿ.ಯಿಂದಲೇ ಯಂತ್ರವನ್ನು ಎಬ್ಬಿಸುವ ನಿಯಮವು 1995ರಲ್ಲಿ ರೂಪುಗೊಂಡು, ಅದನ್ನು ರಚಿಸಿದ ಎಂಜಿನಿಯರುಗಳು ಚರ್ಚೆಗೆ ಕುಳಿತಿದ್ದ ಕ್ಯಾಲಿಫೋರ್ನಿಯದ ಉಪಾಹಾರಗೃಹದ ಹೆಸರನ್ನೇ ಹೊತ್ತು ‘ಎಲ್ ಟೊರಿಟೊ’ ಎನಿಸಿಕೊಂಡಿತು. (ಊಟದ ಋಣವನ್ನು ಹೀಗೆ ತೀರಿಸಿದವರು ವಿರಳ.) ಇಷ್ಟೆಲ್ಲ ಒದಗಿದ ಮೇಲೂ ಸಿ.ಡಿ. ಹಾಕಿ ಯಂತ್ರವನ್ನು ಎಬ್ಬಿಸಿದವನ ಮುಂದೆ ನಿಲ್ಲುತ್ತಿದ್ದುದು, ಏಕಕಾಲಕ್ಕೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಬಲ್ಲ, ಪ್ರತಿಯೊಂದಕ್ಕೂ ಒಂದೇ ಅಳತೆಯ ಚೌಕವನ್ನು ಕೊಡುವ ಪಠ್ಯಪರದೆ. ಅಲ್ಲಿ ರೋಮನ್ ಲಿಪಿ ನೆಮ್ಮದಿಯಾಗಿತ್ತು. ಅಕ್ಷರಗಳು ಒಂದರೊಳಗೊಂದು ಬೆರೆಯುವ ನಮ್ಮ ಲಿಪಿಗಳಿಗೆ ನಿಲ್ಲಲು ನೆಲೆಯಿರಲಿಲ್ಲ.

ಪರಿಹಾರ ಬಂದದ್ದು ಅಕ್ಷರವನ್ನು ಚಿತ್ರವಾಗಿ ಬಿಡಿಸುವ ದಾರಿಯಿಂದ. 2007ರ ಏಪ್ರಿಲ್ 8ರಂದು ಪ್ರಕಟವಾದ ಡೆಬಿಯನ್ 4.0 ಆವೃತ್ತಿಯಲ್ಲಿ ಸಚಿತ್ರ ಇನ್‌ಸ್ಟಾಲರ್ ಮೊದಲ ಬಾರಿಗೆ ಕಾಣಿಸಿತು. ಡೆಬಿಯನ್ನಿನವರು ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಲನಚಿತ್ರದ ಗೊಂಬೆಗಳ ಹೆಸರಿಡುತ್ತಾರೆ. ಇದಕ್ಕೆ ಸಂದ ಹೆಸರು ‘ಎಚ್’, ಅಂದರೆ ಚಿತ್ರ ಗೀಚುವ ಆಟಿಕೆ! ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ಮಲಯಾಳಂಗಳು ಆ ಸಲವೇ ಪಟ್ಟಿಗೆ ಸೇರಿದವು. ಆದರೆ ಅಲ್ಲಿಗೆ ತಲಪಬೇಕಾದವನು ಬೂಟ್ ಆಗುವಾಗ ‘ಇನ್‌ಸ್ಟಾಲ್‌ಗುಯಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಬೇಕಾಗಿತ್ತು. ಸ್ವಭಾಷೆಯನ್ನು ಸೇರಲು ಪರಭಾಷೆಯಲ್ಲಿ ಅಪ್ಪಣೆ ಬೇಡುವ ಈ ವಿಚಿತ್ರಕ್ಕೆ ನಗುವುದೋ ಅಳುವುದೋ ತಿಳಿಯದು. 2009ರಲ್ಲಿ ಮರಾಠಿ ಬಂದಿತು. ಕನ್ನಡವು ತೆಲುಗಿನೊಡನೆ ಒಳಬಂದದ್ದು 2011ರ ಫೆಬ್ರವರಿ 6ರಂದು ಹೊರಬಂದ 6.0 ಆವೃತ್ತಿಯಲ್ಲಿ.

ಇದಕ್ಕೆ ಯಾವ ಸರಕಾರದ ಆಜ್ಞೆಯೂ ಬೇಕಾಗಲಿಲ್ಲ. ಮೂಲವಾಕ್ಯ ಮೇಲೆ, ಅನುವಾದ ಕೆಳಗೆ ಇರುವ ಸಾದಾ ಪಠ್ಯದ ಕಡತವನ್ನು ಸ್ವಯಂಸೇವಕರು ತುಂಬಿ ಕಳುಹಿಸಿದರೆ ಸಾಕು, ಭಾಷೆಯೊಂದು ಒಳಬರಬಹುದು. ತುಂಬದೆ ಬಿಟ್ಟರೆ ಹೊರಹೋಗಲೂಬಹುದು: ಅನುವಾದದಲ್ಲಿ ತೀರ ಹಿಂದುಳಿದ ಭಾಷೆಯನ್ನು ಬಿಡುಗಡೆಗೆ ಮುನ್ನ ಪಟ್ಟಿಯಿಂದ ತೆಗೆಯುವ ಪದ್ಧತಿ ಡೆಬಿಯನ್ನಿನವರಲ್ಲುಂಟು. ಇದು ನಿಷ್ಠುರವೆನಿಸಿದರೂ, ಅರೆಬರೆ ಕನ್ನಡದಲ್ಲಿ ‘ಡಿಸ್ಕನ್ನು ಅಳಿಸಲೇ?’ ಎಂಬ ಪ್ರಶ್ನೆಯನ್ನು ಎದುರಿಸುವ ಸಂಕಟಕ್ಕಿಂತ ಲೇಸೆಂದೇ ನಾನು ಬಲ್ಲೆ.

ಇಂದು ಪೆನ್‌ಡ್ರೈವಿನಿಂದ ಎದ್ದ ಯಂತ್ರದ ಮೊದಲ ಪಟ್ಟಿ ಇನ್ನೂ ಇಂಗ್ಲಿಷಿನದೇ. ಅದರಲ್ಲಿ ಸಚಿತ್ರ ಅನುಸ್ಥಾಪನೆಯ ಸಾಲನ್ನು ಆರಿಸಿದವನಿಗೆ ಮುಂದಿನ ಪರದೆಯಲ್ಲಿ ಕನ್ನಡವು ಕನ್ನಡಲಿಪಿಯಲ್ಲಿಯೇ ಕಾಣುತ್ತದೆ. ಹಳೆಯ ಯಂತ್ರವೆಂದು ಹೆದರಿ ಪಠ್ಯದ ಸಾಲನ್ನು ಒತ್ತಿದವನು ಭಾಷೆಗಳ ಪಟ್ಟಿಯನ್ನು ತುದಿಯಿಂದ ಬುಡದವರೆಗೆ ಶೋಧಿಸಿದರೂ ಅದು ಸಿಕ್ಕದು.