ನಿಮಗಿದು ಗೊತ್ತೇ? ಜಂಬಲಾಯದ ರುಚಿ ಇರುವುದು ಪಾತ್ರೆಯ ತಳದಲ್ಲಿ!

◆ ತಳ ಹಿಡಿಯಿತು ಅಂದರೆ ನಮ್ಮ ಅಡುಗೆಮನೆಯಲ್ಲಿ ಬೈಗುಳ ಖಾತ್ರಿ. ಅಮೆರಿಕದ ಲೂಸಿಯಾನಾ ರಾಜ್ಯದ ಕೇಜನ್ ಮನೆಗಳಲ್ಲಿ ಅಡುಗೆ ಶುರುವಾಗುವುದೇ ಅಲ್ಲಿಂದ! ಜಂಬಲಾಯ ಎಂಬ ತಮ್ಮ ಬಾಡಿನ ಅನ್ನಕ್ಕೆ ಅವರು ಮಾಂಸವನ್ನು ಬೇಕೆಂದೇ ತಳ ಹಿಡಿಸುತ್ತಾರೆ, ಚೂರು ನೀರು ಚಿಮುಕಿಸಿ ಕೆರೆಯುತ್ತಾರೆ, ಮತ್ತೆ ತಳ ಹಿಡಿಸುತ್ತಾರೆ. ಅನ್ನದ ಕಂದು ಬಣ್ಣ ಬರುವುದು ಈ ಕೆರೆತದಿಂದ. ಅರಿಸಿನವಿಲ್ಲ, ಹುರಿದು ಪುಡಿ ಮಾಡಿದ ಮಸಾಲೆ ಇಲ್ಲ, ಟೊಮೇಟೊವಂತೂ ಇಲ್ಲವೇ ಇಲ್ಲ.

◆ ಟೊಮೇಟೊ ಬಿತ್ತೆಂದರೆ ಅದು ಇನ್ನೊಂದು ಜಂಬಲಾಯ. ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಜಂಬಲಾಯ ಕೆಂಪು, ಹಳ್ಳಿಗಾಡಿನ ಕೇಜನ್ ಜಂಬಲಾಯ ಕಂದು. ಎರಡರಲ್ಲಿ ಯಾವುದು ಅಸಲಿ ಎಂಬ ಜಗಳ, ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬ ಜಗಳದಷ್ಟೇ ಖಾರ. ಈ ಅಂಕಣದ ಪಕ್ಷ ಕಂದಿನದು.

◆ ಕೇಜನ್ನರು ಮೂಲತಃ ಲೂಸಿಯಾನಾದವರಲ್ಲ. ಈಗಿನ ಕೆನಡಾದ ನೋವಾ ಸ್ಕಾಟಿಯಾ ಸುತ್ತಮುತ್ತಲ ಪ್ರದೇಶಕ್ಕೆ ಹಿಂದೆ ಅಕೇಡಿಯಾ ಎಂಬ ಹೆಸರಿತ್ತು. ಅಲ್ಲಿ ಫ್ರೆಂಚ್ ಮಾತಾಡುವ ರೈತರಿದ್ದರು. 1755ರಲ್ಲಿ ಬ್ರಿಟಿಷರು ಅವರನ್ನು ಹೊಲ ಮನೆ ಬಿಡಿಸಿ, ಹಡಗು ಹತ್ತಿಸಿ ಓಡಿಸತೊಡಗಿದರು. 1763ರವರೆಗೆ ನಡೆದ ಈ ಗಡೀಪಾರಿನಲ್ಲಿ ಊರು ಕಳೆದುಕೊಂಡವರು 10,000ಕ್ಕೂ ಹೆಚ್ಚು. 1765ರಲ್ಲಿ ಜೋಸೆಫ್ ಬ್ರೂಸಾರ್ಡ್ ಎಂಬಾತನ ಹಿಂದೆ ಸುಮಾರು 200 ಜನ ಲೂಸಿಯಾನಾ ತಲುಪಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಮತ್ತೆ 1,600ರಷ್ಟು ಮಂದಿ ಬಂದಿಳಿದರು. 'ಅಕೇಡಿಯನ್' ಎಂಬ ಹೆಸರೇ ನಾಲಿಗೆಯಲ್ಲಿ ಸವೆದು ಸವೆದು 'ಕೇಜನ್' ಆಯಿತು.

◆ ತಂಪು ನಾಡಿನಲ್ಲಿ ಗೋಧಿ ಬೆಳೆಯುತ್ತಿದ್ದವರಿಗೆ ಲೂಸಿಯಾನಾದ ಜವುಗು ನೆಲದಲ್ಲಿ ಗೋಧಿ ಕೈಹತ್ತಲಿಲ್ಲ. ಮುಸುಕಿನ ಜೋಳ ಬೆಳೆದರು, ಭತ್ತ ಕಲಿತರು. ಮೊದಮೊದಲು ತಗ್ಗಿನಲ್ಲಿ ನೀರು ನಿಂತ ಕಡೆ ಬೀಜ ಚೆಲ್ಲಿ, ಮಳೆ ಬಂದರೆ ಬೆಳೆ, ಬಾರದಿದ್ದರೆ ಇಲ್ಲ ಎಂದು ಮನೆಗೆ ಹೋಗುತ್ತಿದ್ದರಂತೆ. ಅದಕ್ಕೆ ಅವರು ಇಟ್ಟ ಹೆಸರು 'ಪ್ರಾವಿಡೆನ್ಸ್ ರೈಸ್', ಅಂದರೆ ದೇವರು ಕೊಟ್ಟ ಅಕ್ಕಿ. 1880ರ ದಶಕದಲ್ಲಿ ರೈಲು ಬಂತು. ಅದರ ಬೆನ್ನಿಗೇ ಉತ್ತರದ ಗೋಧಿ ರೈತರು ತಮ್ಮ ಯಂತ್ರಗಳೊಂದಿಗೆ ಬಂದು, ಗೋಧಿ ಕೊಯ್ಯುವ ಯಂತ್ರದಲ್ಲೇ ಭತ್ತ ಕೊಯ್ದರು. ಕ್ರೌಲಿ ಎಂಬ ಪಟ್ಟಣ ಈಗ ತನ್ನನ್ನು 'ಅಮೆರಿಕದ ಅಕ್ಕಿ ರಾಜಧಾನಿ' ಎಂದು ಕರೆದುಕೊಳ್ಳುತ್ತದೆ. ಅಲ್ಲಿ ಅಕ್ಕಿ ಉತ್ಸವ ಶುರುವಾದದ್ದು 1937ರಲ್ಲಿ.

◆ ಅಲ್ಲಿನ ಎಷ್ಟೋ ಗದ್ದೆಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಭತ್ತದ ಕೊಯ್ಲು. ಶರತ್ಕಾಲದಲ್ಲಿ ಅದೇ ಗದ್ದೆಗೆ ನೀರು ನಿಲ್ಲಿಸಿದರೆ ಚಳಿಗಾಲದಿಂದ ವಸಂತದವರೆಗೆ ಕ್ರಾಫಿಶ್ ಬೇಟೆ. ಕ್ರಾಫಿಶ್ ಎಂದರೆ ಸಿಗಡಿಯ ನೆಂಟ, ಸಿಹಿನೀರಿನ ಜೀವಿ. ಉಳಿದ ಕೂಳೆಯೇ ಅದಕ್ಕೆ ಮೇವು. 1983ರಲ್ಲಿ ಲೂಸಿಯಾನಾ ಅದನ್ನು ತನ್ನ ರಾಜ್ಯದ ಅಧಿಕೃತ ಜೀವಿಗಳ ಪಟ್ಟಿಗೂ ಸೇರಿಸಿತು.

◆ ಜಂಬಲಾಯ ಎಂಬ ಹೆಸರಿನ ಬಗ್ಗೆ ಒಂದು ಕಟ್ಟುಕತೆ ಚಾಲ್ತಿಯಲ್ಲಿದೆ. 'ಜಾಂಬೋ' ಎಂದರೆ ಫ್ರೆಂಚಿನಲ್ಲಿ ಹಂದಿಯ ತೊಡೆ, 'ಯಾ' ಎಂದರೆ ಯಾವುದೋ ಆಫ್ರಿಕನ್ ಭಾಷೆಯಲ್ಲಿ ಅಕ್ಕಿ, ಎರಡೂ ಸೇರಿ ಜಂಬಲಾಯ! ಕೇಳಲು ಸೊಗಸು, ನಂಬಲು ಆಧಾರ ಸಾಲದು. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ 'ಜಂಬಲಾಯಾ' ಎಂಬ ಪದ ಮೊದಲೇ ಇತ್ತು. ಕಲಸುಮೇಲೋಗರ, ಕೋಳಿ ಹಾಕಿದ ಅನ್ನ ಎಂಬ ಅರ್ಥ ಅದಕ್ಕೆ. 1904ರಲ್ಲಿ ನೊಬೆಲ್ ಪಡೆದ ಪ್ರೊವೆನ್ಸಾಲ್ ಕವಿ ಫ್ರೆಡೆರಿಕ್ ಮಿಸ್ತ್ರಾಲ್ ತಾನೇ ಮಾಡಿದ ನಿಘಂಟಿನಲ್ಲಿ ಈ ಪದವನ್ನು ದಾಖಲಿಸಿದ್ದಾನೆ.

◆ ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಇದು ಬಲು ಬೇಗ ಕಾಣಿಸಿಕೊಂಡದ್ದು ಲೂಸಿಯಾನಾದಲ್ಲಲ್ಲ, ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ. ಅಲ್ಲಿನ ಚರ್ಚೊಂದರ ಮಹಿಳೆಯರು 1878ರಲ್ಲಿ ತಂದ 'ಗಲ್ಫ್ ಸಿಟಿ ಕುಕ್ ಬುಕ್'ನಲ್ಲಿ ಇದರ ಹೆಸರು 'ಜಾಮ್ ಬೊಲಾಯ'.

◆ ನಮ್ಮ ಪಲಾವ್, ಅಮೆರಿಕದ ದಕ್ಷಿಣ ಕ್ಯಾರೊಲೈನಾದ 'ಪರ್ಲೋ' ಎರಡೂ ಒಂದೇ ಪದದ ಮಕ್ಕಳು. ಪರ್ಲೋವನ್ನು ಅಲ್ಲಿ 'ಪಿಲಾವ್' ಎಂದೂ ಬರೆಯುತ್ತಾರೆ. ಪರ್ಲೋಗೂ ಜಂಬಲಾಯಕ್ಕೂ ಅಡುಗೆಯ ಕ್ರಮದಲ್ಲಿ ಹೆಚ್ಚು ದೂರವಿಲ್ಲ: ಮಾಂಸ ಬೆಂದ ರಸದಲ್ಲೇ ಅಕ್ಕಿಯೂ ಬೇಯಬೇಕು. ಇದೇ ಲೂಸಿಯಾನಾದ ಗಂಬೋ ಹಾಗಲ್ಲ. ಗಂಬೋ ಒಂದು ಸಾರು, ಅನ್ನ ಬೇರೆ ಬೆಂದು ತಟ್ಟೆಯಲ್ಲಿ ಅದರ ಜೊತೆ ಸೇರುತ್ತದೆ. ಅಂದ ಹಾಗೆ ಗಂಬೋ ಎಂಬ ಪದ ಬಂದದ್ದು ಆಫ್ರಿಕನ್ ಭಾಷೆಗಳಲ್ಲಿನ ಬೆಂಡೆಕಾಯಿಯ ಹೆಸರಿನಿಂದ!

◆ ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ. ಈ ಮೂರಕ್ಕೆ ಲೂಸಿಯಾನಾದಲ್ಲಿ 'ಪವಿತ್ರ ತ್ರಿಮೂರ್ತಿ' ಎಂಬ ಬಿರುದು. ಫ್ರೆಂಚರ ಒಗ್ಗರಣೆಯಲ್ಲಿ ಈರುಳ್ಳಿ, ಸೆಲರಿಯ ಜೊತೆಗಿದ್ದ ಕ್ಯಾರೆಟ್ಟನ್ನು ಹೊರಗೆ ಹಾಕಿ ಆ ಜಾಗದಲ್ಲಿ ದೊಣ್ಣೆ ಮೆಣಸಿನಕಾಯಿಯನ್ನು ಕೂರಿಸಿದ್ದಾರೆ, ಅಷ್ಟೆ. ಬೆಳ್ಳುಳ್ಳಿ ನಾಲ್ಕನೆಯದು, ಬಿರುದಿಲ್ಲದಿದ್ದರೂ ಬಿಡುವಂತಿಲ್ಲ.

◆ ಸೆಲರಿ ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಓಂಕಾಳುಗಳ ಕುಟುಂಬಕ್ಕೇ ಸೇರಿದ್ದು. ದೊಡ್ಡ ಊರುಗಳ ತರಕಾರಿ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಬಿಟ್ಟುಬಿಡಿ. ಘಮ ಹತ್ತಿರವಿದೆ ಎಂದು ಕುಂಡದಲ್ಲಿರುವ ದೊಡ್ಡಪತ್ರೆಗೆ ಕೈಹಾಕಬೇಡಿ. ಅದು ತಂಬುಳಿಗೆ ಚೆಂದ.

◆ ಈ ತ್ರಿಮೂರ್ತಿಯನ್ನು ಲೋಕಕ್ಕೆ ಪರಿಚಯಿಸಿದ ಬಾಣಸಿಗ ಪಾಲ್ ಪ್ರುಡೋಮ್, 13 ಮಕ್ಕಳ ಕೇಜನ್ ಕುಟುಂಬದ ಕೊನೆಯ ಕೂಸು. 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹೋಟೆಲ್ ತೆರೆದ, 1984ರಲ್ಲಿ ಅವನ ಅಡುಗೆ ಪುಸ್ತಕ ಬಂತು. ಮಸಾಲೆ ಸವರಿ ಕಾದ ಬೀಡಿನ ಬಾಣಲೆಯಲ್ಲಿ ಕಪ್ಪಾಗುವಂತೆ ಸುಡುವ ಅವನ ರೆಡ್‌ಫಿಶ್ ಮೀನಿಗೆ ದೇಶವೇ ಹುಚ್ಚೆದ್ದು, ಆ ಮೀನಿನ ಸಂತತಿ ಉಳಿಸಲು ಮೀನುಗಾರಿಕೆಗೇ ಕಡಿವಾಣ ಹಾಕಬೇಕಾಯಿತು! ಕೇಜನ್ ಅಡುಗೆ ಎಂದರೆ ನಾಲಿಗೆ ಸುಡುವ ಖಾರ ಎಂಬ ಹೆಸರು ಹರಡಿದ್ದು ಈ ಅಬ್ಬರದ ಕಾಲದಲ್ಲೇ. ಹಳ್ಳಿಮನೆಯ ಜಂಬಲಾಯ ಅಷ್ಟು ಖಾರವಿರುವುದಿಲ್ಲ. ಗುಂಟೂರು, ಬ್ಯಾಡಗಿ ಉಂಡು ಬೆಳೆದವರಿಗೆ ಸಪ್ಪೆ ಎನಿಸಿದರೂ ಆಶ್ಚರ್ಯವಿಲ್ಲ.

◆ ಜಂಬಲಾಯದಲ್ಲಿ ಎರಡು ಖಂಡಗಳ ಖಾರ ಭೇಟಿಯಾಗುತ್ತವೆ. ಒಣಮೆಣಸಿನ ಪುಡಿಯೂ ದೊಣ್ಣೆ ಮೆಣಸೂ ಅಮೆರಿಕ ಖಂಡದ ಗಿಡಗಳ ಕೊಡುಗೆ, ಖಾರದ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ನಮಗೆ ಬಂತು. ಕಾಳುಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಈ ಕಾಳಿನ ವ್ಯಾಪಾರದಿಂದ.

◆ ಇನ್ನೊಂದು ಎಲೆಯ ಗೊಂದಲ. ಅಮೆರಿಕದ ಪಾಕವಿಧಾನದಲ್ಲಿ 'ಬೇ ಲೀಫ್' ಎಂದಿದ್ದರೆ ಅದು ನಮ್ಮ ಪಲಾವ್ ಎಲೆಯಲ್ಲ. ಅವರದು ಮೆಡಿಟರೇನಿಯನ್ ಕಡೆಯ ಲಾರೆಲ್ ಮರದ್ದು, ನಟ್ಟನಡುವೆ ಒಂದೇ ನರ. ನಮ್ಮದು ದಾಲ್ಚಿನ್ನಿಯ ಬಳಗದ ಮರದ್ದು, ಉದ್ದಕ್ಕೆ ಮೂರು ನರ. ನಮ್ಮ ಎಲೆ ಹಾಕಿದರೆ ಜಂಬಲಾಯಕ್ಕೆ ಬಿರಿಯಾನಿಯ ವಾಸನೆ ಬಂದುಬಿಡುತ್ತದೆ.

◆ ಈಗ ತಳದ ವಿಚಾರಕ್ಕೆ ಬರೋಣ. ಮಾಂಸ ಕೆಂಪಗಾಗುವುದರ ಹಿಂದಿನ ರಸಾಯನ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್. ಬಿಸಿ ಏರಿದಾಗ ಪ್ರೋಟೀನಿನ ಅಮೈನೊ ಆಮ್ಲಗಳೂ ಸಕ್ಕರೆಯ ಅಂಶಗಳೂ ಕೂಡಿಕೊಂಡು ನೂರಾರು ಹೊಸ ರುಚಿ, ಘಮಗಳನ್ನು ಹುಟ್ಟಿಸುತ್ತವೆ. ಗರಿಗರಿ ದೋಸೆಯ ಕೆಂಪಿಗೂ ಹುರಿದ ಕಾಫಿ ಬೀಜದ ಘಮಕ್ಕೂ ಇದೇ ಕಾರಣ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲೆ. ನೀರು 100ಕ್ಕೇ ಕುದಿಯುತ್ತದೆ. ಹಾಗಾಗಿ ಮಾಂಸ ಒದ್ದೆಯಿದ್ದರೆ ನೀರು ಆರುವ ತನಕ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ತೊಳೆದ ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಒಂದೇ ಸಲ ಸುರಿಯದೆ ಎರಡು ಮೂರು ಸಲವಾಗಿ ಹುರಿಯಿರಿ. ಪಾತ್ರೆ ತುಂಬಿದರೆ ಹಬೆ ಏಳುತ್ತದೆ, ಬಣ್ಣ ಬರುವುದಿಲ್ಲ.

◆ ಸೀದದ್ದಕ್ಕೂ ಕೆಂಪಾದದ್ದಕ್ಕೂ ನಡುವಿನ ಗೆರೆ ತೆಳು. ತಳದ ಪದರ ಕಂದಾಗಿದ್ದರೆ ಸಂಪತ್ತು, ಕಪ್ಪಾಗಿ ಕಹಿ ವಾಸನೆ ಬಂದರೆ ಅಲ್ಲಿಗೇ ಮುಗಿಯಿತು. ಪಾತ್ರೆ ತೊಳೆದು ಮೊದಲಿನಿಂದ ಶುರು ಮಾಡುವುದೇ ದಾರಿ. ಬಣ್ಣಕ್ಕಾಗಿ ಅವಸರಪಡುವವರು ಎಣ್ಣೆಯಲ್ಲಿ ಒಂದು ಚಮಚ ಸಕ್ಕರೆ ಕಂದಿಸಿ ಅದರಲ್ಲಿ ಮಾಂಸ ಹುರಿಯುವುದುಂಟು. ಬಾಟಲಿಯ ಬಣ್ಣ ಸುರಿಯುವವರೂ ಇದ್ದಾರೆ. ಅಂಥವರ ಮನೆಗೆ ಊಟಕ್ಕೆ ಹೋಗದಿರುವುದು ಮೇಲು.

◆ ನಾಲ್ಕೈದು ಜನರಿಗೆ ಮನೆಯಲ್ಲೇ ಮಾಡಲು ಹೊರಟರೆ ಅಳತೆ ಹೀಗಿರಲಿ: ಅರ್ಧ ಕಿಲೋ ಹಂದಿ ಮಾಂಸ ಅಥವಾ ಕೋಳಿಯ ತೊಡೆ, ಕಾಲು ಕಿಲೋ ಹೊಗೆಯಾಡಿಸಿದ ಸಾಸೇಜ್, ದೊಡ್ಡ ಈರುಳ್ಳಿ ಎರಡು, ದೊಣ್ಣೆ ಮೆಣಸಿನಕಾಯಿ ಒಂದು, ಸೆಲರಿ ದಂಟು ಎರಡು, ಬೆಳ್ಳುಳ್ಳಿ ಐದಾರು ಎಸಳು, ಅಕ್ಕಿ ಎರಡು ಲೋಟ. ಮೊದಲು ಮಾಂಸ, ಆಮೇಲೆ ಸಾಸೇಜ್ ಕೆಂಪಗೆ ಹುರಿದು ತೆಗೆಯಿರಿ. ಅದೇ ಕೊಬ್ಬಿನಲ್ಲಿ ತರಕಾರಿ ಬಾಡಿಸಿ. ತರಕಾರಿ ಬಿಟ್ಟ ನೀರಿನಲ್ಲಿ ತಳದ ಪದರ ತಾನಾಗಿ ಸಡಿಲವಾಗುತ್ತದೆ, ಮರದ ಸಟ್ಟುಗದಿಂದ ಕೆರೆಯಿರಿ. ಮಾಂಸವನ್ನು ಮರಳಿ ಹಾಕಿ, ಮೂಳೆ ಬೇಯಿಸಿದ ನೀರು ಮೂರೂವರೆಯಿಂದ ನಾಲ್ಕು ಲೋಟ ಸುರಿದು, ಮಾಂಸ ಮೆತ್ತಗಾಗುವವರೆಗೆ ಬೇಯಿಸಿ. ನೀರು ಕಡಿಮೆಯಾಗಿದ್ದರೆ ಮತ್ತೆ ಅಳತೆಗೆ ತನ್ನಿ. ಎಸರಿನ ಉಪ್ಪು ನೋಡುವುದು ಇಲ್ಲೇ, ಒಂದು ಹದ ಹೆಚ್ಚೇ ಎನಿಸಬೇಕು. ಅಕ್ಕಿ ಅದನ್ನು ಕುಡಿದುಬಿಡುತ್ತದೆ.

◆ ಅಕ್ಕಿ ಹಾಕಿ, ಒಂದು ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿ ಉರಿ ತಗ್ಗಿಸಿದರೆ ಸುಮಾರು 25 ನಿಮಿಷ. ನಡುವೆ ಒಂದೇ ಒಂದು ಸಲ ತಳದಿಂದ ಮೇಲಕ್ಕೆ ಮಗುಚಬಹುದು. ಕಲಕುವಂತಿಲ್ಲ. ಕಲಕಿದರೆ ಅಕ್ಕಿಯ ಪಿಷ್ಟ ಹೊರಬಂದು ಅಂಟು. ಮೊದಲ ಸಲ ನಾನು ತಾಳ್ಮೆಗೆಟ್ಟು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಸೌಟಾಡಿಸಿದೆ. ಮನೆಯವರು ತಟ್ಟೆ ನೋಡಿ, 'ಬಿಸಿಬೇಳೆ ಬಾತಿಗೆ ಬೇಳೆ ಹಾಕೋದು ಮರೆತೆಯಾ?' ಎಂದರು.

◆ ಅಕ್ಕಿ ಉದ್ದ ಕಾಳಿನದಾದರೆ ಒಳ್ಳೆಯದು. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟ ಹೆಚ್ಚು, ಅನ್ನ ಉದುರುದುರಾಗುತ್ತದೆ. ಬಾಸುಮತಿ ಆಗುತ್ತದೆ, ಆದರೆ ಅದರ ಪರಿಮಳ ಹೊಗೆಯ ಘಮದೊಡನೆ ಜಗಳಕ್ಕೆ ನಿಲ್ಲುತ್ತದೆ. ಲೂಸಿಯಾನಾದಲ್ಲಿ ನೂರಾರು ಜನಕ್ಕೆ ಬೇಯಿಸುವವರು ಕುಚ್ಚಲಕ್ಕಿಯನ್ನೂ ಬಳಸುತ್ತಾರೆ. ಒಮ್ಮೆ ಬೆಂದು ಒಣಗಿದ ಕಾಳು ಸುಲಭಕ್ಕೆ ಮುದ್ದೆಯಾಗುವುದಿಲ್ಲ.

◆ ಅಲ್ಲಿನ ಸಾಸೇಜಿನ ಹೆಸರು ಆಂಡೂಯಿ. ಲಾಪ್ಲಾಸ್ ಎಂಬ ಊರು ಅದಕ್ಕೆ ಪ್ರಸಿದ್ಧ. ಮಂಗಳೂರು, ಬೆಂಗಳೂರುಗಳಲ್ಲಿ ಸಿಗುವ ಗೋವಾ ಸಾಸೇಜಿನಲ್ಲಿ ವಿನೆಗರ್ ಹುಳಿ ಮುಂದಾಗಿರುತ್ತದೆ, ಹೊಗೆಯ ರುಚಿ ಬೇಕಾದ ಕಡೆ ಅದು ಸರಿಹೋಗದು.

◆ ಪ್ರಸಿದ್ಧ ತಬಾಸ್ಕೊ ಸಾಸ್ ಕೂಡ ಲೂಸಿಯಾನಾದ್ದೇ. 1868ರಿಂದ ಏವರಿ ಐಲೆಂಡಿನಲ್ಲಿ ತಯಾರಾಗುತ್ತಿದೆ. ಅರೆದ ಮೆಣಸು ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಹುಳಿಯುತ್ತದೆ. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ನೆತ್ತಿಗೇರಿದರೆ ನೀರಲ್ಲ, ಮೊಸರು ತಿನ್ನಿ.

◆ ಹ್ಯಾಂಕ್ ವಿಲಿಯಮ್ಸ್ 1952ರಲ್ಲಿ ಹಾಡಿದ 'ಜಂಬಲಾಯ' ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಧಾಟಿ 'ಗ್ರಾಂ ಟೆಕ್ಸಾಸ್' ಎಂಬ ಕೇಜನ್ ಫ್ರೆಂಚ್ ಹಾಡಿನದು. ವಿಪರ್ಯಾಸ ನೋಡಿ: 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತ್ತು. ಫ್ರೆಂಚ್ ಮಾತಾಡಿದ ಕೇಜನ್ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆಯಾಗುತ್ತಿದ್ದ ಕಾಲ ಅದು. ಭಾಷೆಯನ್ನು ಉಳಿಸಲು ಸರ್ಕಾರವೇ ಒಂದು ಮಂಡಳಿ ಮಾಡಿದ್ದು 1968ರಲ್ಲಿ.

◆ ಅದೇ 1968ರಲ್ಲಿ ಗೊನ್ಸಾಲೆಸ್ ಎಂಬ ಪಟ್ಟಣದಲ್ಲಿ ಮೊದಲ ಜಂಬಲಾಯ ಉತ್ಸವ ನಡೆಯಿತು. ಅಲ್ಲಿನ ಅಡುಗೆ ಸ್ಪರ್ಧೆಯಲ್ಲಿ ಗ್ಯಾಸ್ ಒಲೆ ಇಲ್ಲ. ಸೌದೆ ಉರಿ, ಬೀಡಿನ ಕಡಾಯಿ, ದೋಣಿಯ ಹುಟ್ಟಿನಂಥ ಮರದ ಸಟ್ಟುಗ. ನಮ್ಮ ಮದುವೆ ಮನೆಯ ಹಿತ್ತಲಲ್ಲಿ ಅಡುಗೆಯವರು ಕೊಪ್ಪರಿಗೆ ಮಗುಚುವುದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

◆ ಉಳಿದದ್ದನ್ನು ರಾತ್ರಿಯಿಡೀ ಒಲೆಯ ಮೇಲೇ ಬಿಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಫ್ರಿಜ್ಜಿಗೆ ಸೇರಿಸಿ.

◆ ಬೀಡಿನ ಪಾತ್ರೆಯನ್ನು ನೀರಲ್ಲಿ ನೆನೆಹಾಕಿ ಮಲಗಬೇಡಿ, ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಬಿಸಿಯಿರುವಾಗಲೇ ತೊಳೆದು, ಒಲೆಯ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ.