ಮಗುವಿನ ಮಾತು ಮತ್ತು ಪ್ರಯೋಗದ ಬಗೆಗಳು: ಕನ್ನಡದ ಕೆಲವು ನಿದರ್ಶನಗಳು

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಿ ಬೆಳೆಯುವ ಮಗು ಮನೆಯಲ್ಲಿ ‘ಹುಡುಗ ಮನ್ಯಾಗ ಅದಾನ’ ಎಂಬ ವಾಕ್ಯವನ್ನು ಕೇಳುತ್ತದೆ. ಪಠ್ಯಪುಸ್ತಕದಲ್ಲಿ ‘ಹುಡುಗನು ಮನೆಯಲ್ಲಿ ಇದ್ದಾನೆ’ ಎಂಬುದನ್ನು ಓದುತ್ತದೆ. ಎರಡನೆಯ ವಾಕ್ಯವನ್ನು ಓದುವಾಗ ಮಗು ತಡವರಿಸಿತೆನ್ನೋಣ. ತಡವರಿಕೆಗೆ ಕಾರಣ ಅಕ್ಷರಜ್ಞಾನದ ಕೊರತೆಯೇ, ವಾಕ್ಯರೂಪದ ಅಪರಿಚಿತತೆಯೇ, ಅಥವಾ ಎದುರಿಗೆ ಕುಳಿತ ಪರೀಕ್ಷಕರ ಅಳುಕೇ? ಬರಿಯ ವೀಕ್ಷಣೆಯಿಂದ ಇದನ್ನು ನಿರ್ಣಯಿಸಲಾಗದು. ಒಂದರೊಡನೊಂದು ಹೆಣೆದುಕೊಂಡ ಇಂಥ ಕಾರಣಗಳನ್ನು ಬಿಡಿಸಿ ನೋಡುವ ಕ್ರಮವೇ ಪ್ರಯೋಗ. ಮನೋವಿಜ್ಞಾನದಲ್ಲಿ ಬಳಕೆಯಲ್ಲಿರುವ ಪ್ರಯೋಗಗಳ ಮುಖ್ಯ ಬಗೆಗಳನ್ನು ಕನ್ನಡದ ನಿದರ್ಶನಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯವನ್ನು ಸ್ಥಾಪಿಸಿದಂದಿನಿಂದ ಈ ಶಾಸ್ತ್ರದ ತಿರುಳು ಬಹುಮಟ್ಟಿಗೆ ಒಂದೇ ಆಗಿದೆ. ಸಂಶೋಧಕನು ತಾನಾಗಿ ಬದಲಾಯಿಸುವ ಅಂಶವು ಸ್ವತಂತ್ರ ಚರ. ಅದರ ಪರಿಣಾಮವನ್ನು ಅಳೆಯಲಾಗುವ ಅಂಶವು ಅವಲಂಬಿ ಚರ. ಉಳಿದ ಅಂಶಗಳನ್ನು ಸ್ಥಿರವಾಗಿರಿಸಬೇಕು, ಇಲ್ಲವೇ ಭಾಗಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ ಸಮತೂಗಿಸಬೇಕು. ಈ ನಿಯಂತ್ರಣ ಎಷ್ಟರಮಟ್ಟಿಗೆ ಸಾಧ್ಯ ಎಂಬುದರ ಮೇಲೆ ಪ್ರಯೋಗದ ಬಗೆಗಳು ಬೇರ್ಪಡುತ್ತವೆ.

ಮೊದಲನೆಯದು ಪೂರ್ಣ ನಿಯಂತ್ರಿತ ಪ್ರಯೋಗ. ಕನ್ನಡವು ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯನ್ನು ಒದಗಿಸಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಅವರು 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ‘-ಇಸು’ ಪ್ರತ್ಯಯವನ್ನು ಆಧರಿಸಿದೆ. ‘ಕರಡಿ ಕುಣಿಯುತ್ತದೆ’ ಮತ್ತು ‘ಕೋತಿ ಕರಡಿಯನ್ನು ಕುಣಿಸುತ್ತದೆ’ ಎಂಬ ನಮ್ಮ ಉದಾಹರಣೆಗಳನ್ನು ಗಮನಿಸಿ. ಎರಡನೆಯ ವಾಕ್ಯದಲ್ಲಿ ಪ್ರೇರಣಾರ್ಥಕ್ಕೆ ಎರಡು ಸುಳಿವುಗಳಿವೆ: ಪ್ರತ್ಯಯ ಮತ್ತು ಎರಡು ನಾಮಪದಗಳು. ಸಹಜ ಮಾತಿನಲ್ಲಿ ಇವೆರಡೂ ಸಾಮಾನ್ಯವಾಗಿ ಕೂಡಿಯೇ ಬರುವುದರಿಂದ ಮಗು ಯಾವುದನ್ನು ಅವಲಂಬಿಸಿದೆಯೆಂದು ತಿಳಿಯದು. ಆದ್ದರಿಂದ ಸಂಶೋಧಕರು ಅವುಗಳನ್ನು ಬೇರ್ಪಡಿಸಿ, ‘ಕೋತಿ ಕರಡಿಯನ್ನು ಕುಣಿಯುತ್ತದೆ’ ಎಂಬಂಥ ಅಸಹಜ ವಾಕ್ಯಗಳನ್ನೂ ರಚಿಸಿ, ಮೂರು ವರ್ಷದ ಮಕ್ಕಳಿಗೆ ಆಟಿಕೆಗಳಿಂದ ಅವನ್ನು ಅಭಿನಯಿಸಿ ತೋರಿಸಲು ಹೇಳಿದರು. ಪ್ರೇರಣಾರ್ಥವನ್ನು ಗ್ರಹಿಸುವಲ್ಲಿ ಮಕ್ಕಳು ಅವಲಂಬಿಸಿದ್ದು ಪ್ರತ್ಯಯವನ್ನಲ್ಲ, ನಾಮಪದಗಳ ಸಂಖ್ಯೆಯನ್ನು. ಎರಡು ಚರಗಳನ್ನು ಎಲ್ಲ ಜೋಡಣೆಗಳಲ್ಲಿ ಪರೀಕ್ಷಿಸುವ ಇಂಥ ವಿನ್ಯಾಸವನ್ನು ಬಹುಚರ ವಿನ್ಯಾಸವೆನ್ನಬಹುದು.

ಎರಡನೆಯದು ಅರೆಪ್ರಯೋಗ. ವಯಸ್ಸು, ತರಗತಿ, ಕಲಿತ ಲಿಪಿ ಇವುಗಳನ್ನು ಚೀಟಿ ಎತ್ತಿ ಹಂಚಲಾಗದು. ಈಗಾಗಲೇ ಇರುವ ಗುಂಪುಗಳನ್ನೇ ಹೋಲಿಸಬೇಕಾಗುತ್ತದೆ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ, ಕನ್ನಡದ ಆರಂಭಿಕ ಓದನ್ನು ಕುರಿತ ಅಧ್ಯಯನವು ಈ ಸಾಲಿಗೆ ಹತ್ತಿರವಾದುದು. ಕನ್ನಡದ ಅಕ್ಷರಗಳ ಕಲಿಕೆ ಮೊದಲ ತರಗತಿಗಳಾಚೆಗೂ ಮುಂದುವರಿಯುತ್ತದೆಂದೂ, ಧ್ವನಿಮಾಪ್ರಜ್ಞೆ ನಿಧಾನವಾಗಿ ಮೂಡುತ್ತದೆಂದೂ ಅದು ತೋರಿಸಿತು. ಒತ್ತಕ್ಷರ, ಗುಣಿತಾಕ್ಷರಗಳು ನೂರಾರಿರುವ ಲಿಪಿಯಲ್ಲಿ ಇದು ಮಗುವಿನ ಹಿಂದುಳಿಕೆಯಲ್ಲ, ಲಿಪಿವ್ಯವಸ್ಥೆಯ ಗುಣ. ಆದರೆ ತರಗತಿ ಏರಿದಂತೆ ವಯಸ್ಸೂ ಏರುವುದರಿಂದ ಅರೆಪ್ರಯೋಗದಲ್ಲಿ ಕಾರಣವನ್ನು ಕುರಿತ ತೀರ್ಮಾನ ಎಚ್ಚರದಿಂದ ಕೂಡಿರಬೇಕು.

ಮೂರನೆಯದು ಕ್ಷೇತ್ರ ಪ್ರಯೋಗ. ಇಲ್ಲಿ ಚರವನ್ನು ಸಂಶೋಧಕನೇ ಬದಲಾಯಿಸುತ್ತಾನೆ. ಆದರೆ ಸ್ಥಳ ಮಗುವಿನ ಪರಿಚಿತ ಪರಿಸರವೇ ಆಗಿರುತ್ತದೆ. ಮೊದಲು ಎತ್ತಿದ ಪ್ರಶ್ನೆಯನ್ನು ಹಲಗೇರಿಯಲ್ಲಿಯೇ ಪರೀಕ್ಷಿಸುವುದಾದರೆ, ಒಂದೇ ಅಕ್ಷರಗಳನ್ನು ಸರಿಸುಮಾರು ಒಂದೇ ಪ್ರಮಾಣದಲ್ಲಿ ಬಳಸಿ, ಒಂದು ಕಥೆಯನ್ನು ಊರ ಮಾತಿನಲ್ಲಿಯೂ ಇನ್ನೊಂದನ್ನು ಪಠ್ಯದ ಭಾಷೆಯಲ್ಲಿಯೂ ಸಿದ್ಧಪಡಿಸಬೇಕು. ಪ್ರತಿ ಮಗುವೂ ಎರಡನ್ನೂ ಓದಿದರೆ ಮಗುವನ್ನು ಅದರೊಡನೆಯೇ ಹೋಲಿಸಿದಂತಾಗುತ್ತದೆ. ಎರಡನೆಯ ಓದಿಗೆ ಅಭ್ಯಾಸದ ಲಾಭವೋ ದಣಿವೋ ಸೇರುವುದರಿಂದ, ಅರ್ಧ ಮಕ್ಕಳಿಗೆ ಊರ ಮಾತನ್ನು ಮೊದಲು, ಉಳಿದರ್ಧಕ್ಕೆ ಪಠ್ಯಭಾಷೆಯನ್ನು ಮೊದಲು ಕೊಡಬೇಕು. ಯಾವ ಕಥೆ ಯಾವ ರೂಪದಲ್ಲಿ ಬರಬೇಕೆಂಬುದನ್ನೂ ಅದಲುಬದಲು ಮಾಡಬೇಕು. ಊರ ಮಾತಿನಲ್ಲಿ ಸರಾಗವಾಗಿ ಓದಿದ ಮಗು ಪಠ್ಯಭಾಷೆಯಲ್ಲಿ ಮಾತ್ರ ತಡವರಿಸಿದರೆ, ಕೊರತೆ ಅಕ್ಷರಜ್ಞಾನದ್ದಲ್ಲವೆನ್ನಲು ಆಧಾರ ದೊರೆಯುತ್ತದೆ. ಆದರೆ ಊರ ಮಾತನ್ನು ಅಚ್ಚಿನಲ್ಲಿ ಕಂಡು ಅಭ್ಯಾಸವಿಲ್ಲದ ಮಗು ಅದರಲ್ಲಿಯೂ ತಡವರಿಸಬಹುದು. ಆದ್ದರಿಂದ ಎರಡೂ ರೂಪಗಳನ್ನು ಕೇಳಿಸಿ ಗ್ರಹಿಕೆಯನ್ನು ಅಳೆಯುವುದು ಅಗತ್ಯ.

ನಾಲ್ಕನೆಯದು ಸಹಜ ಪ್ರಯೋಗ. ಇಲ್ಲಿ ಬದಲಾವಣೆಯನ್ನು ತಂದದ್ದು ಸಂಶೋಧಕನಲ್ಲ, ಇತಿಹಾಸ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ, ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಎರಡೂ ಬದಿಯ ಕನ್ನಡ ಮಕ್ಕಳನ್ನು ಹೋಲಿಸಿ, ಶಾಲೆಯ ಮತ್ತು ಆಡಳಿತದ ಭಾಷಾಪರಿಸರದ ಪರಿಣಾಮವನ್ನು ಶೋಧಿಸಬಹುದು. ಆದರೆ ಗಡಿಗಿಂತ ಮೊದಲೇ ಇದ್ದ ಭೇದಗಳನ್ನು ಗಡಿಯ ಫಲವೆಂದು ಭಾವಿಸುವ ಅಪಾಯ ಇಲ್ಲಿ ಸದಾ ಇರುತ್ತದೆ.

ಈ ನಾಲ್ಕರಲ್ಲಿ ಯಾವುದೂ ಸ್ವತಃ ಶ್ರೇಷ್ಠವಲ್ಲ. ನಿಯಂತ್ರಣ ಹೆಚ್ಚಿದಂತೆ ಸಹಜತೆ ಕುಗ್ಗುವುದುಂಟು. ಸಹಜತೆ ಹೆಚ್ಚಿದಂತೆ ಕಾರಣನಿರ್ಣಯ ಕಠಿಣವಾಗುವುದುಂಟು. ಪ್ರಶ್ನೆಗೆ ತಕ್ಕ ಬಗೆಯನ್ನು ಆಯ್ದುಕೊಳ್ಳುವುದೇ ವಿವೇಕ. ಪೋಷಕರ ಸಮ್ಮತಿ ಮತ್ತು ಬೇಡವೆನ್ನುವ ಮಗುವಿನ ಸ್ವಾತಂತ್ರ್ಯ ಎಲ್ಲ ಬಗೆಗಳಿಗೂ ಸಮಾನವಾದ ಷರತ್ತುಗಳು. ಇದು ಕೇವಲ ವಿಧಾನದ ಚರ್ಚೆಯೆಂದು ನಾವು ಭಾವಿಸುವುದಿಲ್ಲ. ಕಾರಣಗಳನ್ನು ಬಿಡಿಸದೆ ನೀಡಿದ ‘ಓದಲು ಬಾರದ ಮಗು’ ಎಂಬ ತೀರ್ಪು ತರಗತಿಯಿಂದ ತರಗತಿಗೆ ಮಗುವನ್ನು ಹಿಂಬಾಲಿಸುತ್ತದೆ. ಅಂಥ ತೀರ್ಪಿಗೆ ಮುನ್ನ, ನಾವು ಅಳೆದದ್ದು ಮಗುವಿನ ಸಾಮರ್ಥ್ಯವನ್ನೇ, ಅದರ ಮನೆಮಾತಿಗೂ ನಮ್ಮ ಪಠ್ಯಕ್ಕೂ ಇರುವ ಅಂತರವನ್ನೇ ಎಂದು ಕೇಳಿಕೊಳ್ಳುವ ಹೊಣೆ ಸಂಶೋಧಕರದು.